ಗ್ರೀಸಿನ ಮಠದ ಜಪಾನಿ ಕಾರು

ಏನಾಗಿರಬಹುದು, ನೀವೇ ಊಹಿಸಿ ನೋಡೋಣ.

ಕಾರಿನ ಮೂತಿ ಗೇಟಿನ ಕಡೆಗಿದೆ, ಬೆನ್ನು ಹೊಳೆಯ ಕಡೆಗೆ. ಹಾಕಿದ್ದು ಒಂದನೇ ಗೇರು. ಅದರಲ್ಲಿ ಅನುಮಾನವೇ ಬೇಡ, ಪಂಪಾಪತಿ ಗೇರಿನ ಗುಂಡನ್ನು ಅಂಗೈಯಲ್ಲಿ ಅಲ್ಲಾಡಿಸಿ ಖಾತ್ರಿ ಮಾಡಿಕೊಂಡಿದ್ದ. ಪಕ್ಕದ ಸೀಟಿನಲ್ಲಿ ಕಾರಿನ ಒಡತಿ ಸರ್ವಮಂಗಳಮ್ಮನವರು ರೇಷ್ಮೆ ಸೀರೆಯುಟ್ಟು, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದಾರೆ. ಮುಂದಿನ ಎರಡು ಗಾಲಿಗಳ ಮುಂದೆ ಎರಡು ನಿಂಬೆಹಣ್ಣು. ಬೇವಿನ ಮರದಡಿ ಗುರು ನಿಂತಿದ್ದಾರೆ.

ಪಂಪಾಪತಿ ಕ್ಲಚ್ಚಿನ ಮೇಲಿನ ಕಾಲನ್ನು ಮೆಲ್ಲಗೆ ಎತ್ತಿದ.

ಎಂಜಿನ್ ನಿಂತುಹೋಯಿತೇ? ಇಲ್ಲ. ಹೊಗೆ ಬಂತೇ? ಇಲ್ಲ. ಏನಾದರೂ ಮುರಿಯಿತೇ? ಅದೂ ಇಲ್ಲ. ಮುರಿದಿದ್ದರೆ ವಾಸಿಯಿತ್ತು, ಮುರಿಯುವುದು ಲೋಕದಲ್ಲಿ ಇದ್ದದ್ದೇ.

ಊಹೆ ಹಾಗೇ ಬಾಯಲ್ಲಿಟ್ಟುಕೊಂಡಿರಿ. ಮೊದಲು ಆ ಮಠದ ಸಂಗತಿ ಸ್ವಲ್ಪ ಕೇಳಿ. ಅದನ್ನು ಕೇಳದಿದ್ದರೆ ಮುಂದಿನದನ್ನು ನೀವು ನಂಬುವುದಿಲ್ಲ.

ಹರಿಹರದಿಂದ ಸ್ವಲ್ಪ ಆಚೆ, ತುಂಗಭದ್ರೆಯ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಬೇವಿನ ಮರ, ಮರದಾಚೆ ಕಬ್ಬಿಣದ ಗೇಟು. ಶೆಡ್ಡಿನ ಮಗ್ಗುಲಿನಿಂದ ಹಿಂದಕ್ಕೆ ಇಳಿಜಾರು, ಇಳಿಜಾರಿನ ಕೊನೆಗೆ ಹೊಳೆ. ಇಷ್ಟೇ.

ಅಲ್ಲಿದ್ದವರು ಕೊಟ್ರಯ್ಯನವರು. ಪಾಲಿಟೆಕ್ನಿಕ್ಕಿನಲ್ಲಿ ಎಂಜಿನ್ನಿನ ಪಾಠ ಹೇಳಿ ನಿವೃತ್ತರಾದ ಜಂಗಮರು. ಹಣೆಯಲ್ಲಿ ವಿಭೂತಿ, ಉಗುರಿನ ಸಂದಿಯಲ್ಲಿ ಗ್ರೀಸು. ಎಲ್ಲರಿಗೂ ಅವರು ಅಯ್ನೋರು. ಅಯ್ನೋರು ಇದ್ದಲ್ಲಿ ಮಠ ಇರಬೇಕಲ್ಲ, ಹಾಗಾಗಿ ಊರವರು ಆ ಶೆಡ್ಡಿಗೆ ಗ್ರೀಸಿನ ಮಠ ಎಂದೇ ಹೆಸರಿಟ್ಟಿದ್ದರು.

ಮಠ ಅಂದಮೇಲೆ ಕಟ್ಟುಪಾಡು ಇರುತ್ತದೆ. ಇಲ್ಲಿಯೂ ಇತ್ತು. ಶಿಷ್ಯನಾದವನು ಒಂದು ಬಂಡಿಯನ್ನು ತಾನೊಬ್ಬನೇ ಕಟ್ಟಬೇಕು. ಅದರ ಒಡೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನೇ ನಡೆಸಿ, ಗೇಟು ದಾಟಿಸಬೇಕು. ದಾಟಿಸಿದ ದಿನ ಅವನು ಸ್ವತಂತ್ರ, ಎಲ್ಲಿ ಬೇಕಾದರೂ ಅಂಗಡಿ ತೆರೆಯಬಹುದು.

ದಾಟಿಸದವನು ತೆರೆಯಬಾರದೆಂದು ಯಾರೂ ತಡೆಯುವುದಿಲ್ಲ. ಆದರೆ ಹಾಗೆ ತೆರೆದವನು ಒಬ್ಬನೂ ಇಲ್ಲ.

ಪಂಪಾಪತಿ ಲಾರಿ ಎಂಜಿನ್ನುಗಳ ನಡುವೆ ಬೆಳೆದವನು. ಬೇರೆ ಮಕ್ಕಳು ಬುಗುರಿ ತಿರುಗಿಸುವ ವಯಸ್ಸಿಗೆ ಇವನು ಲಾರಿಯ ನಟ್ಟು ತಿರುಗಿಸುತ್ತಿದ್ದ. ಕೈ ಅಂದರೆ ಕೈ. ದಾವಣಗೆರೆಯಲ್ಲಿ ಅಂಗಡಿ ಹಿಡಿದಾಗಿತ್ತು, ಬೋರ್ಡು ಬರೆಸಿಯಾಗಿತ್ತು. ಬೋರ್ಡನ್ನು ಮಾತ್ರ ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದ. ಗೇಟು ದಾಟುವ ತನಕ ಅದನ್ನು ಈಚೆ ತಿರುಗಿಸುವಂತಿಲ್ಲ.

ಅವನಿಗೆ ಸಿಕ್ಕ ಬಂಡಿ ಈ ಕಾರು.

ಎರಡೇ ಸೀಟಿನ ಜಪಾನಿ ಸ್ಪೋರ್ಟ್ಸ್ ಕಾರು. ಉದ್ದ ಮೂತಿ, ಗಿಡ್ಡ ಬೆನ್ನು, ಪಾರಿವಾಳದ ಕೊರಳಿನ ಬಣ್ಣ. ಸರ್ವಮಂಗಳಮ್ಮನವರ ಯಜಮಾನರು ಆಸೆಪಟ್ಟು ತರಿಸಿಕೊಂಡಿದ್ದು. ಯಜಮಾನರು ಹೋದರು, ಅವರ ಹಿಂದೆಯೇ ಎಂಜಿನ್ನೂ ಹೋಯಿತು.

ಕಾರನ್ನು ಎಳೆಸಿಕೊಂಡು ಬಂದ ದಿನ ಕೊಟ್ರಯ್ಯ ಕೇಳಿದರು, "ಏನಾಗಬೇಕು ತಾಯೀ?"

"ಓಡಬೇಕು."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನಮ್ಮ ಮಿಲ್ಲು ಮುಚ್ಚಿ ಬಿದ್ದೈತಲ್ಲ, ಅದರ ಅಂಗಳದಾಗೆ ನಾಲ್ಕು ಸುತ್ತು. ಅವರಿರೋ ತನಕ ಸ್ಟೇರಿಂಗ್ ಮುಟ್ಟೋಕೆ ಬಿಡಲಿಲ್ಲ ನನಗೆ. 'ನಿನಗ್ಯಾಕೆ, ಆರಾಮ ಕೂತ್ಕೋ' ಅಂತಿದ್ರು. ಕೂತು ಕೂತು ಸಾಕಾಗೈತೆ."

ಕೊಟ್ರಯ್ಯ ನಕ್ಕು ಪಂಪಾಪತಿಯ ಕಡೆ ತಿರುಗಿದರು. "ಇದು ನಿನ್ನದು ತಮ್ಮಾ."

ಆ ಕಾರಿನ ಕಂಪನಿಯ ಎಂಜಿನ್ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಪಂಪಾಪತಿ ಇನ್ನೊಂದು ಜಪಾನಿ ಕಂಪನಿಯ ಎಂಜಿನ್ ಹುಡುಕಿದ. ಹಳೆಯದು, ಆದರೆ ಗಟ್ಟಿ ಜೀವ. ಅದು ಸ್ಟಾರ್ಟರು, ವೈರುಗಳ ಜಡೆ, ಕಂಪ್ಯೂಟರ್ ಡಬ್ಬಿ ಸಮೇತ ಹಡಗು ಹತ್ತಿ ಚೆನ್ನೈಗೆ ಬಂತು, ಚೆನ್ನೈಯಿಂದ ಲಾರಿ ಹತ್ತಿ ಹರಿಹರಕ್ಕೆ ಬಂತು. ಮರದ ಪೆಟ್ಟಿಗೆ ಬಿಚ್ಚಿದಾಗ ಒಳಗೆ ಜಪಾನಿ ಸುದ್ದಿಪತ್ರಿಕೆ ಸುತ್ತಿತ್ತು. ಕೂಸಿನ ಬಟ್ಟೆ ಬಿಡಿಸಿದ ಹಾಗೆ ಬಿಡಿಸಿದ ಪಂಪಾಪತಿ.

ಗೇರಿನ ಪೆಟ್ಟಿಗೆ ಮಾತ್ರ ಕಾರಿನದೇ. ಚೆನ್ನಾಗಿತ್ತು, ಯಾಕೆ ಬಿಸಾಡಬೇಕು?

ಹಾಗಾಗಿ ಎಂಜಿನ್ ಒಂದು ಮನೆಯದು, ಗೇರಿನ ಪೆಟ್ಟಿಗೆ ಇನ್ನೊಂದು ಮನೆಯದು. ಎರಡರ ತೂತುಗಳೂ ಒಂದಕ್ಕೊಂದು ಕೂಡುವುದಿಲ್ಲ. ಬೀಗತನ ಮಾಡಿಸುವುದಕ್ಕೆ ನಡುವೆ ಒಂದು ದಪ್ಪ ಲೋಹದ ತಟ್ಟೆ ಬೇಕು. ಅದನ್ನು ಪಂಪಾಪತಿ ತಾನೇ ಲೇತಿನಲ್ಲಿ ಕಡೆದ. ಅಂಥ ತಟ್ಟೆಯನ್ನು ನೀವು ನೋಡಬೇಕಿತ್ತು. ಮುಖ ನೋಡಿಕೊಳ್ಳಬಹುದು, ಹಾಗಿತ್ತು!

"ಹೊಂದಿತೇ?" ಎಂದು ಕೇಳಿದರು ಕೊಟ್ರಯ್ಯ.

"ಹೊಂದಿತು ಅಯ್ನೋರೇ. ನಡುವೆ ಕೂದಲೆಳೆ ತೂರೋದಿಲ್ಲ."

"ಒಪ್ಪಿತೇ?"

"ಹೊಂದಿದ ಮೇಲೆ ಒಪ್ಪದೇ ಇರ್ತತೇನ್ರೀ?"

ಕೊಟ್ರಯ್ಯ ಹೊಳೆಯ ಕಡೆ ನೋಡಿದರು.

ಪಂಪಾಪತಿ ಎಂಜಿನ್ನಿನ ಮುಂದಿನ ಮುಚ್ಚಳವನ್ನು ಮರಳುಕಾಗದದಿಂದ ಉಜ್ಜಿದ. ಮೇಲೆ ಏನೇನೋ ಉಬ್ಬು ಅಕ್ಷರ, ಉಬ್ಬು ಗುರುತು ಇದ್ದವು. ಎಲ್ಲವನ್ನೂ ನುಣ್ಣಗೆ ಮಾಡಿ ಕುಂಕುಮದ ಬಣ್ಣ ಹೊಡೆದ.

"ಚೆಂದ ಆತು," ಎಂದರು ಕೊಟ್ರಯ್ಯ. ಅವರ ಬಾಯಲ್ಲಿ ಆ ಮಾತು ಬರುವುದು ಅಪರೂಪ. ಪಂಪಾಪತಿಗೆ ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಕೀಲಿ ತಿರುಗಿಸುವ ಮೊದಲು ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಬೇಕು. ಒಳಗೆ ಏನಾದರೂ ತಾಗುತ್ತಿದ್ದರೆ ಕೈಗೆ ಗೊತ್ತಾಗುತ್ತದೆ. ಪಂಪಾಪತಿ ಮುಂದಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಿದ. ಬೆಣ್ಣೆಯಲ್ಲಿ ಬೆರಳಾಡಿದ ಹಾಗೆ ತಿರುಗಿತು. ಕೊಟ್ರಯ್ಯನವರೂ ಪಾನಾ ಇಸಕೊಂಡು ತಿರುಗಿಸಿದರು. ತಲೆದೂಗಿದರು.

ಆಮೇಲೆ ಕಾರಿನ ಹಿಂಭಾಗವನ್ನು ಎತ್ತಿ ನಿಲ್ಲಿಸಿ, ಗಾಲಿಗಳನ್ನು ಗಾಳಿಯಲ್ಲಿ ಓಡಿಸುವ ಪರೀಕ್ಷೆ.

ಇಲ್ಲಿ ಮಠದ ಇನ್ನೊಂದು ಕಟ್ಟುಪಾಡು ಹೇಳಬೇಕು. ಇದಕ್ಕೆ ಕೊಟ್ರಯ್ಯ ಜಿಲ್ಲೆಗೆಲ್ಲ ಹೆಸರುವಾಸಿ. ಅಲ್ಲಿ ಪರೀಕ್ಷೆ ಮಾಡುವಾಗ ಎಲ್ಲರೂ ಕಣ್ಣು ಮುಚ್ಚಬೇಕು.

"ಕಣ್ಣು ಸುಳ್ಳು ಹೇಳ್ತತೆ ತಮ್ಮಾ," ಎನ್ನುತ್ತಿದ್ದರು ಅವರು. "ಹೊಳಪು ಕಂಡರೆ ಹೊಸದು ಅಂತತೆ. ಕಿವಿಗೆ ಹೊಳಪು ಕಾಣೋದಿಲ್ಲ."

ಹಾಗಾಗಿ ಪಂಪಾಪತಿ ಕಣ್ಣು ಮುಚ್ಚಿದ. ಕೊಟ್ರಯ್ಯ ಮುಚ್ಚಿದರು. ಒಳಗೆ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದ ಜಾಫರನೂ ಮುಚ್ಚಿದ. ಈ ಜಾಫರ್ ಮಠದ ಹಿರಿಯ ಶಿಷ್ಯ. ಗೇಟು ದಾಟಿ ಯಾವುದೋ ಕಾಲವಾಗಿತ್ತು, ಆದರೂ ಬಿಟ್ಟುಹೋಗದೆ ಅಲ್ಲೇ ಉಳಿದುಕೊಂಡವನು.

ಗಾಲಿಗಳು ತಿರುಗಿದವು. ಸದ್ದು ತಂಬೂರಿಯ ಶ್ರುತಿಯ ಹಾಗಿತ್ತು. ಒಂದು ಅಪಸ್ವರ ಇಲ್ಲ.

"ಎಲ್ಲಾ ಸರಿ ಐತೆ," ಎಂದರು ಕೊಟ್ರಯ್ಯ, ಕಣ್ಣು ತೆರೆಯದೆ. "ಅಮ್ಮಾರಿಗೆ ಹೇಳಿ ಕಳಿಸು."

ಈಗ ಊಹಿಸಿದಿರಾ?

ಪಂಪಾಪತಿ ಕ್ಲಚ್ ಬಿಟ್ಟ. ಕಾರು ಹಿಂದಕ್ಕೆ ಹೊರಟಿತು.

ಹೌದು, ಹಿಂದಕ್ಕೆ. ಒಂದನೇ ಗೇರಿನಲ್ಲಿ!

ಇಳಿಜಾರಿಗೆ ಕಾರು ತಾನಾಗಿ ಜಾರುತ್ತಿದೆ ಎಂದುಕೊಂಡ ಪಂಪಾಪತಿ. ಜಾರುವ ಗಾಡಿಯನ್ನು ಮುಂದಕ್ಕೆ ಎಳೆಯಬೇಕಾದರೆ ಏನು ಮಾಡುತ್ತಾರೆ? ಅದನ್ನೇ ಮಾಡಿದ. ಆಕ್ಸಿಲರೇಟರ್ ಒತ್ತಿದ.

ಕಾರು ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು.

ಇನ್ನಷ್ಟು ಒತ್ತಿದ. ಎಂಜಿನ್ ಕೂಗಿತು. ಬೇವಿನ ಮರ, ಮರದಡಿಯ ಗುರು, ಕೈಯಲ್ಲಿ ಆರತಿ ತಟ್ಟೆ ಹಿಡಿದ ಜಾಫರ್, ಎಲ್ಲರೂ ಚಿಕ್ಕವರಾಗುತ್ತ ದೂರ ಹೋಗುತ್ತಿದ್ದರು. ಎರಡು ನಿಂಬೆಹಣ್ಣುಗಳು ಇಟ್ಟ ಜಾಗದಲ್ಲೇ, ಇಟ್ಟ ಹಾಗೆಯೇ, ಹಳದಿಯಾಗಿ ಕೂತಿದ್ದವು.

ಕನ್ನಡಿಯಲ್ಲಿ ಹೊಳೆ ದೊಡ್ಡದಾಗುತ್ತಿತ್ತು.

"ಬ್ರೇಕೋ!" ಎಂದರು ಸರ್ವಮಂಗಳಮ್ಮ.

ಕಾಲು ಬ್ರೇಕಿಗೆ ಹೋಯಿತು. ಮರಳಿನಲ್ಲಿ ಕಾರು ಸರ್ರನೆ ಜಾರಿ, ಬಟ್ಟೆ ಒಗೆಯುವ ಬಂಡೆಯೊಂದಕ್ಕೆ ಹಿಂದಿನ ಗಾಲಿ ತಾಗಿ, ಧಡ್ಡೆಂದು ನಿಂತಿತು. ಬಂಡೆಯ ಆ ಕಡೆ ನೀರು.

ಎಂಜಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಗುನುಗುತ್ತಿತ್ತು. ತೆಂಗಿನಕಾಯಿ ಮಡಿಲಿನಿಂದ ಉರುಳಿ ಕಾಲ ಬಳಿ ಬಿದ್ದಿತ್ತು.

ಮೊದಲು ಬಾಯಿ ಬಂದದ್ದು ಸರ್ವಮಂಗಳಮ್ಮನವರಿಗೇ.

"ಗಂಗಾಪೂಜೆನೂ ಐತೆ ಅಂತ ನೀವು ಮೊದಲೇ ಹೇಳಲಿಲ್ಲ," ಎಂದರು.

ಪಂಪಾಪತಿ ಗೇರಿನ ಗುಂಡನ್ನು ನೋಡಿದ. ಒಂದನೆಯದರಲ್ಲೇ ಇತ್ತು. ತೆಗೆದು, ಮತ್ತೆ ಒಂದನೆಯದಕ್ಕೇ ಹಾಕಿ, ಅಂಜುತ್ತ ಅಂಜುತ್ತ ಕ್ಲಚ್ ಬಿಟ್ಟ. ಗಾಲಿ ಮತ್ತೆ ಹಿಂದಕ್ಕೆ ಸರಿದು ಬಂಡೆಯನ್ನು ಗುದ್ದಿತು.

"ಒಂದನೇ ಗೇರು ಹೌದಲ್ಲೋ ಅದು?"

"ಹೌದು ಅಮ್ಮಾರೇ."

"ಹಂಗಾರೆ ರಿವರ್ಸ್ ಹಾಕು."

"ಅಯ್ಯೋ, ರಿವರ್ಸ್ ಹಾಕಿದರೆ ಹೊಳೆಗೆ ಹೋಗ್ತೀವಿ ಅಮ್ಮಾರೇ!"

"ಒಂದನೇದು ಹಾಕಿ ಬಂದಿದ್ದು ಎಲ್ಲಿಗೆ, ದಾವಣಗೆರೆಗೇನು? ಹಾಕೋ ಮಾರಾಯ!"

ಪಂಪಾಪತಿ ರಿವರ್ಸ್ ಹಾಕಿದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕ್ಲಚ್ ಬಿಟ್ಟ.

"ಕಣ್ಣು ಬಿಡೋ," ಎಂದರು ಸರ್ವಮಂಗಳಮ್ಮ. "ಮುಂದಕ್ಕೆ ಹೋಗ್ತಾ ಐತೆ."

ಹೋಗುತ್ತಿತ್ತು. ರಿವರ್ಸ್ ಗೇರಿನಲ್ಲಿ ಕಾರು ಮುಂದಕ್ಕೆ, ಮದುವಣಗಿತ್ತಿಯ ಹಾಗೆ ನಿಧಾನವಾಗಿ, ಇಳಿಜಾರು ಹತ್ತಿ ಮೇಲೆ ಬರುತ್ತಿತ್ತು. ಪಂಪಾಪತಿಗೆ ಮೊದಲಿಗಿಂತ ಇದೇ ಹೆಚ್ಚು ಭಯವಾಯಿತು. ಕೆಟ್ಟದ್ದು ಆಗುವುದು ಬೇರೆ. ಲೋಕವೇ ತಲೆಕೆಳಗಾಗಿ, ಆಮೇಲೆ ಸಲೀಸಾಗಿ ನಡೆಯುವುದು ಬೇರೆ.

ನಿಂಬೆಹಣ್ಣುಗಳ ಮೇಲೆ ಗಾಲಿ ಹಾಯಿತು. ಪಚಕ್, ಪಚಕ್.

ಜಾಫರ್ ಆರತಿ ತಟ್ಟೆ ಎಸೆದು ಓಡಿಬಂದ. ಕಾರಿನ ಜೊತೆಗೇ ಓಡುತ್ತ, ಏದುಸಿರಿನಲ್ಲಿ ಹೇಳಿದ, "ಈಗ ತಿಳೀತು ನೋಡು ಪಂಪಣ್ಣ! ಅಯ್ನೋರಿಗೆ ಎಲ್ಲಾ ಗೊತ್ತಿತ್ತು! ಅವತ್ತೇ ಕೇಳಿದರಲ್ಲ, 'ಒಪ್ಪಿತೇ' ಅಂತ! ಹೊಳೆ ಕಡೆ ನೋಡಿದರಲ್ಲ! ಹೊಳೆ ಕಡೆ! ನನ್ನ ಮೈ ಜುಮ್ ಅಂತೈತೆ!"

ಪಂಪಾಪತಿಯ ಮೈಯೂ ಜುಮ್ಮೆಂದಿತು. ಹೌದಲ್ಲ. ಹೊಳೆಯ ಕಡೆಗೇ ನೋಡಿದ್ದರು.

ಗೇಟು ಹತ್ತಿರ ಬಂತು. ತೆರೆದಿತ್ತು. ಅದಕ್ಕೆ ಕಟ್ಟಿದ್ದ ಮಾವಿನ ತೋರಣ ಗಾಳಿಗೆ ಆಡುತ್ತಿತ್ತು.

"ದಾಟಿಸಿಬಿಡು!" ಜಾಫರ್ ಕೂಗಿದ. "ನೀನೇ ಕಟ್ಟಿದ ಬಂಡಿ, ನೀನೇ ನಡೆಸ್ತಿದ್ದೀಯ, ಅಮ್ಮಾರು ಪಕ್ಕದಾಗೆ ಇದ್ದಾರೆ. ಯಾವ ಗೇರು ಅಂತ ಗೇಟಿಗೇನು ಗೊತ್ತು?"

"ನನ್ನದೇನೂ ಅಡ್ಡಿಯಿಲ್ಲ," ಎಂದರು ಸರ್ವಮಂಗಳಮ್ಮ. "ಮಿಲ್ಲಿನಾಗೆ ನನಗೆ ಒಂದು ಗೇರು ಧಾರಾಳ ಆತು."

ಪಂಪಾಪತಿ ಬೇವಿನ ಮರದ ಕಡೆ ನೋಡಿದ. ಕೊಟ್ರಯ್ಯ ಕಲ್ಲಿನ ಕಂಬದ ಹಾಗೆ ನಿಂತಿದ್ದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ದಾವಣಗೆರೆಯ ಬೋರ್ಡು ಕಣ್ಣ ಮುಂದೆ ಬಂತು. ಇನ್ನೊಂದು ಮಾರು. ಒಂದೇ ಮಾರು ದಾಟಿದರೆ ಬೋರ್ಡು ತಿರುಗುತ್ತದೆ. ಆಮೇಲೆ ದಿನಾ ಬೆಳಗ್ಗೆ ಶಟರ್ ಎತ್ತುವಾಗ ಆ ಬೋರ್ಡಿನ ಕೆಳಗೇ ತಾನು ನಿಲ್ಲಬೇಕು.

ಬ್ರೇಕ್ ಒತ್ತಿದ. ಕಾರಿನ ಮೂತಿ ಗೇಟಿನ ಗೆರೆಗೆ ತಾಗುವಷ್ಟರಲ್ಲಿ ನಿಂತಿತು. ಎಂಜಿನ್ ಆರಿಸಿ, ಬಾಗಿಲು ತೆಗೆದು ಕೆಳಗಿಳಿದ.

"ಥೂ, ಹುಚ್ಚಪ್ಪ!" ಎಂದ ಜಾಫರ್.

ಕೊಟ್ರಯ್ಯ ಮರದ ಬುಡ ಬಿಟ್ಟು ಬಂದರು. ನಡಿಗೆ ಎಂದಿನ ಹಾಗಿರಲಿಲ್ಲ. ಅದನ್ನು ಪಂಪಾಪತಿ ಗಮನಿಸಲಿಲ್ಲ.

"ಬಾನೆಟ್ ಎತ್ತು," ಎಂದರು.

ಎತ್ತಿದ.

ಕೊಟ್ರಯ್ಯ ಹಣೆಗೆ ಬೆರಳಿಟ್ಟು ವಿಭೂತಿ ಒರೆಸಿಕೊಂಡರು. ಅದನ್ನು ಎಂಜಿನ್ನಿನ ಮುಂದಿನ ಕಪ್ಪು ಚಕ್ರದ ಮೇಲೆ ಒಂದು ಬಿಳಿ ಗೆರೆಯಾಗಿ ಎಳೆದರು.

"ಗೇರು ತೆಗೆದು ನ್ಯೂಟ್ರಲ್ ಮಾಡು. ಕೀಲಿ ಒಂದು ಚೂರು ಮುಟ್ಟಿ ಬಿಡು. ಸ್ಟಾರ್ಟ್ ಆಗಬಾರದು, ಕೆಮ್ಮಬೇಕು, ಅಷ್ಟೇ. ಎಲ್ಲರೂ ನೋಡ್ರಿ. ಕಣ್ಣು ಬಿಟ್ಟು ನೋಡ್ರಿ."

ಜಾಫರ್ ಒಳಗೆ ಕೈ ಹಾಕಿ, ಗೇರು ಜಾರಿಸಿ, ಕೀಲಿ ಮುಟ್ಟಿ ಬಿಟ್ಟ. ಎಂಜಿನ್ ಕೆಮ್ಮಿತು.

ಬಿಳಿ ಗೆರೆ ಎಡಕ್ಕೆ ಹೋಯಿತು.

"ಇನ್ನೊಂದು ಸಲ."

ಎಡಕ್ಕೆ.

ಪಂಪಾಪತಿ ಕಕ್ಕಾಬಿಕ್ಕಿಯಾದ. ಅವನು ಹುಟ್ಟಿದಾಗಿನಿಂದ ಕಂಡ ಎಂಜಿನ್ನುಗಳೆಲ್ಲ, ಮುಂದೆ ನಿಂತು ನೋಡಿದರೆ, ಬಲಕ್ಕೆ ತಿರುಗುತ್ತವೆ. ಲಾರಿ, ಟ್ರಾಕ್ಟರು, ಜೀಪು, ಬಸ್ಸು, ಎಲ್ಲವೂ. ಬಲಕ್ಕಲ್ಲದೆ ಬೇರೆ ಕಡೆಗೂ ಎಂಜಿನ್ ತಿರುಗಬಹುದೆಂದು ಅವನ ಕೈಗೆ ಯಾರೂ ಹೇಳಿರಲಿಲ್ಲ. ಈ ಜಪಾನಿ ಎಂಜಿನ್ ಎಡಕ್ಕೆ ತಿರುಗುವ ಮನೆತನದ್ದು. ಗೇರಿನ ಪೆಟ್ಟಿಗೆ ಬಲಕ್ಕೆ ತಿರುಗುವ ಮನೆತನದ್ದು. ನಡುವೆ ತಾನು ಬೀಗತನ ಮಾಡಿಸಿದ್ದ, ಮುಖ ಕಾಣುವಂಥ ತಟ್ಟೆ ಹಾಕಿ.

"ಆದರೆ ನಾನು ಕೈಯಿಂದ ತಿರುಗಿಸಿದೆನಲ್ಲ!" ಎಂದ. "ಏನೂ ತಾಗಲಿಲ್ಲ!"

"ಯಾವ ಕಡೆ ತಿರುಗಿಸಿದೆ?"

"ಬಲಕ್ಕೆ."

"ಯಾಕೆ ಬಲಕ್ಕೆ?"

ಪಂಪಾಪತಿ ತನ್ನ ಬಲಗೈ ನೋಡಿಕೊಂಡ. ನಟ್ಟಿಗೆ ಪಾನಾ ಹಾಕಿದ ಕೈ ಬಲಕ್ಕೆ ಹೋಗುತ್ತದೆ. ಅದಕ್ಕೆ ಯಾಕೆ ಏನು ಅಂತ ಇರುತ್ತದೆಯೇ?

ಕೊಟ್ರಯ್ಯ ಕುಂಕುಮಬಣ್ಣದ ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿದರು. ಒಂದು ಕಡೆ ನಿಲ್ಲಿಸಿದರು. ಪಂಪಾಪತಿಯ ಬೆರಳು ಹಿಡಿದು ಅಲ್ಲಿ ಇಟ್ಟರು.

ಬಣ್ಣದ ಕೆಳಗೆ ಏನೋ ಸಣ್ಣಗೆ ಉಬ್ಬಿತ್ತು. ಬಾಣದ ಗುರುತು. ಮರಳುಕಾಗದ ತಿಂದು ಉಳಿದದ್ದು. ಅದರ ಮೊನೆ ಎಡಕ್ಕಿತ್ತು.

ಜಪಾನಿನಲ್ಲಿ ಯಾರೋ ಪುಣ್ಯಾತ್ಮ ಬರೆದು ಕಳಿಸಿದ್ದ. ತಾನು ಉಜ್ಜಿ ಹಾಕಿದ್ದ!

ಪಂಪಾಪತಿಗೆ ಸಿಟ್ಟು ಬಂತು. ಗುರುವಿನ ಮುಂದೆ ಅವನು ಎಂದೂ ದನಿ ಎತ್ತಿದವನಲ್ಲ. ಎತ್ತಿದ.

"ನಿಮಗೆ ಗೊತ್ತಿತ್ತು ಅಯ್ನೋರೇ. ಎಂಜಿನ್ ಬಂದ ದಿನವೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ರಿ. ನನಗೆ ಪಾಠ ಕಲಿಸೋಕೆ."

"ಅದೇ ನಾನೂ ಹೇಳಿದ್ದು," ಎಂದ ಜಾಫರ್ ಕೈಮುಗಿದು. "ದೊಡ್ಡವರ ದಾರಿ ನಮ್ಮಂಥೋರಿಗೆ ತಿಳಿಯೋದಿಲ್ಲ."

"ಜಾಫರ್," ಎಂದರು ಕೊಟ್ರಯ್ಯ, "ಸ್ವಲ್ಪ ಬಾಯಿ ಮುಚ್ತೀಯಾ?"

ಅವರು ಕಾರಿನ ಬಂಪರ್ ಮೇಲೆ ಕೈಯೂರಿದರು.

"ನನಗೆ ಗೊತ್ತಿರಲಿಲ್ಲ," ಎಂದರು.

ಪಂಪಾಪತಿ ಮುಚ್ಚಳದ ಮೇಲಿದ್ದ ಬೆರಳು ತೆಗೆದ.

"ನಾನೂ ಪಾನಾ ಹಾಕಿ ತಿರುಗಿಸಿದೆ. ನಾನೂ ಬಲಕ್ಕೆ. ಎಡಕ್ಕೆ ತಿರುಗೋ ಎಂಜಿನ್ ಇರ್ತಾವೆ ಅಂತ ಯಾವುದೋ ಕಾಲದಾಗೆ ನಾನೇ ಪಾಠ ಹೇಳಿದ್ದೆ. ಹೇಳಿದ್ದು ಮರೆತೆ. ನೀನು ಮುಚ್ಚಳ ಉಜ್ಜುವಾಗ ಎದುರಿಗೇ ಕೂತು ಚಾ ಕುಡೀತಿದ್ದೆ. ಚೆಂದ ಆತು ಅಂದೆ."

ಹೊಳೆಗೆ ಬಿದ್ದಿದ್ದರೂ ಪಂಪಾಪತಿಗೆ ಇಷ್ಟು ಆಘಾತವಾಗುತ್ತಿರಲಿಲ್ಲ. ಕಾರು ಹಿಂದಕ್ಕೆ ಹೋದದ್ದು ಏನೂ ಅಲ್ಲ ಅನ್ನಿಸಿತು. ಕಾಲ ಕೆಳಗಿನ ನೆಲವೇ ಹಿಂದಕ್ಕೆ ಸರಿಯುತ್ತಿತ್ತು ಈಗ.

"ಒಪ್ಪಿತೇ ಅಂತ ಕೇಳಿದ್ರಲ್ಲ," ಎಂದ ಕೊನೆಗೆ, ಬೇಡಿಕೊಳ್ಳುವವನ ಹಾಗೆ.

"ಅದು ನನ್ನ ಬಾಯಿಚಟ ತಮ್ಮಾ. ಎಲ್ಲರಿಗೂ ಹಂಗೇ ಕೇಳ್ತೀನಿ. ಆ ಜಾಫರ್ ಸ್ಕೂಟರ್ ಬಿಚ್ಚಿದಾಗಲೂ ಕೇಳಿದ್ದೆ. ಹಂಗೆ ಏನಾದರೂ ಅಂದರೆ ನೀವೆಲ್ಲ ಸುಮ್ಮನಾಗ್ತೀರಿ. ನನಗೂ ಯೋಚನೆ ಮಾಡೋಕೆ ಪುರುಸೊತ್ತು ಸಿಗ್ತತೆ."

"ಹೊಳೆ ಕಡೆ ನೋಡಿದ್ರಿ."

"ಎಮ್ಮೆ ಇಳಿದಿದ್ವು."

ಕಾರಿನೊಳಗಿನಿಂದ ಸರ್ವಮಂಗಳಮ್ಮ ಕಿಸಕ್ಕೆಂದು ನಕ್ಕರು. ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಪಂಪಾಪತಿ ನಗಲಿಲ್ಲ. "ಗೊತ್ತಿತ್ತು ಅಂದುಬಿಡ್ರಿ ಅಯ್ನೋರೇ," ಎಂದ. "ಗೊತ್ತಿದ್ದು ಬಿಟ್ರಿ ಅಂದರೆ ಅದು ಪಾಠ. ಗೊತ್ತೇ ಇರಲಿಲ್ಲ ಅಂದರೆ ಇದು ಬರೀ ತಪ್ಪು."

"ಬರೀ ತಪ್ಪೇ ತಮ್ಮಾ," ಎಂದರು ಕೊಟ್ರಯ್ಯ. "ಆ ತಾಯಿನ ಒಳಗೆ ಕೂರಿಸಿ, ಹಿಂದೆ ಹೊಳೆ ಇಟ್ಟು, ಗೊತ್ತಿದ್ದೂ ಮರದ ಕೆಳಗೆ ನಿಂತು ನೋಡ್ತಿದ್ದೆ ಅಂದರೆ, ಅಂಥವನಿಗೆ ನೀನು ಏನಂತ ಕರೀತೀಯ? ಗುರು ಅಂತೀಯಾ? ಅವನು ಕಟುಕ."

ಜಾಫರ್ ಮುಗಿದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ.

"ಇನ್ನೂ ಒಂದು ಕೇಳು," ಎಂದರು ಕೊಟ್ರಯ್ಯ. "ಗಾಲಿ ಎತ್ತಿ ತಿರುಗಿಸಿದೆವಲ್ಲ, ಆವಾಗ ಅವು ನಮ್ಮ ಮೂರೂ ಜನರ ಮುಂದೆ ಹಿಂದುಮುಂದಾಗಿ ತಿರುಗ್ತಿದ್ವು. ಒಂದು ಕುರುಡು ಕೋಳಿ ಇದ್ದಿದ್ದರೂ ಹೇಳ್ತಿತ್ತು. ನಾವು ಕಣ್ಣು ಮುಚ್ಚಿಕೊಂಡು ನಿಂತಿದ್ದೆವು. ಹಂಗೆ ನಿಲ್ಲೋಕೆ ಕಲಿಸಿದೋನು ಯಾರು? ಜಪಾನದೋನಾ?"

"ನೀವು ಹೇಳಿದ್ದು ಸುಳ್ಳಲ್ಲ ಅಯ್ನೋರೇ. ಕಿವಿಯಿಂದ ಎಷ್ಟೋ ಎಂಜಿನ್ ಉಳಿಸಿದ್ದೀವಿ."

"ಹೌದು. ಅದು ಖರೆ ಆಗಿದ್ದಕ್ಕೇ ಯಾರೂ ಕಣ್ಣು ಬಿಡಲಿಲ್ಲ."

ಸರ್ವಮಂಗಳಮ್ಮ ಬಾಗಿಲು ತೆಗೆದು ಇಳಿದರು. ತೆಂಗಿನಕಾಯಿ ಸಮೇತ. "ಅಯ್ನೋರೇ, ಈಗ ಇದಕ್ಕೆ ಏನು ಮದ್ದು?"

"ಈ ಎಂಜಿನ್ನಿನ ಮನೆತನದ್ದೇ ಇನ್ನೊಂದು ಗೇರಿನ ಪೆಟ್ಟಿಗೆ ಹುಡುಕಬೇಕು ತಾಯೀ. ಇಲ್ಲಾ ಹಿಂದಿನ ಅಚ್ಚಿನ ಹಲ್ಲುಚಕ್ರ ಬಿಚ್ಚಿ, ಆ ಕಡೆದನ್ನ ಈ ಕಡೆ ಕೂರಿಸಬೇಕು. ಯಾವುದು ಸರಿ ಅಂತ ನನಗೆ ಈಗ ಗೊತ್ತಿಲ್ಲ. ತಪ್ಪು ನಮ್ಮದು, ತಡ ಆಗ್ತತೆ."

"ಆಗಲಿ. ಇಷ್ಟು ವರ್ಷ ಸುಮ್ಮನೆ ಕೂತವಳಿಗೆ ಇನ್ನಷ್ಟು ದಿನ ಏನು ದೊಡ್ಡದು." ಅವರು ಪಂಪಾಪತಿಯ ಬೆನ್ನಿಗೊಂದು ಪೆಟ್ಟು ಕೊಟ್ಟರು. "ಏ, ಅಳಬೇಡೋ. ಯಜಮಾನರು ನಡೆಸಿದಾಗ ಇದು ಬರೀ ಮುಂದಕ್ಕೆ ಹೋಗ್ತಿತ್ತು. ಇಂಥ ಮಜಾ ಒಂದು ದಿನವೂ ಬರಲಿಲ್ಲ."

ಪಂಪಾಪತಿ ಕಣ್ಣೊರೆಸಿಕೊಂಡ. ತಲೆ ತಗ್ಗಿಸಿ, ಕಾರಿನ ಮೂತಿ ನಿಂತ ಜಾಗವನ್ನು ನೋಡಿದ. ಗೇಟಿನ ಗೆರೆ ಅಲ್ಲೇ ಮುಂದೆ, ದಾಟದೆ ಉಳಿದಿತ್ತು.

"ಅಯ್ನೋರೇ, ನಾನು ಗೇಟು ದಾಟಿಲ್ಲ."

"ನೋಡಿದೆ. ಇದನ್ನ ಕಣ್ಣು ಬಿಟ್ಟೇ ನೋಡಿದೆ."

"ಹಂಗಾರೆ ಅಂಗಡಿ?"

ಕೊಟ್ರಯ್ಯ ಶೆಡ್ಡಿನೊಳಗೆ ಹೋದರು. ಹೆಗಲಿಗೆ ಟವೆಲ್ಲು ಹಾಕಿಕೊಂಡು, ತಮ್ಮ ಊಟದ ಡಬ್ಬಿ ಹಿಡಿದುಕೊಂಡು ಹೊರಗೆ ಬಂದರು. ಕಾರನ್ನು ಬಳಸಿ, ತೋರಣದ ಕೆಳಗೆ ತಲೆ ಬಗ್ಗಿಸಿ, ಗೇಟು ದಾಟಿ, ಆಚೆ ರಸ್ತೆಯಲ್ಲಿ ನಿಂತರು.

ಜಾಫರನ ಬಾಯಿ ತೆರೆದದ್ದು ತೆರೆದೇ ಇತ್ತು. ಪಂಪಾಪತಿ ಎರಡು ಹೆಜ್ಜೆ ಓಡಿ, ಗೆರೆಯ ಈಚೆಗೇ ನಿಂತ.

"ಎಲ್ಲಿಗೆ ಅಯ್ನೋರೇ?"

"ದಾವಣಗೆರೆಗೆ. ಅಲ್ಲೊಂದು ಹೊಸ ಅಂಗಡಿ ಆಗ್ತತಂತೆ. ಒಡೆಯ ಗೇಟಿನ ಹತ್ರ ಬಂದು ಬಂಡಿ ನಿಲ್ಲಿಸಿ ಇಳಿಯೋ ಅಂಥೋನಂತೆ. ಕೆಲಸ ಕಲಿಯೋಕೆ ಹೊರಟೀನಿ."

"ಅಯ್ನೋರೇ!" ಪಂಪಾಪತಿ ಗೇಟಿನ ಕಂಬ ಹಿಡಿದ. "ನಿಮಗೆ ನಾನು ಏನಂತ ಕಲಿಸ್ಲಿ?"

ಕೊಟ್ರಯ್ಯ ಊಟದ ಡಬ್ಬಿಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು.

"ಅದು ನಾಳೆ ಮಾತು. ಮೊದಲು ಹಾಜರಿ ಹಾಕ್ಕೋ: ಕೊಟ್ರಯ್ಯ, ಹೊಸಬ, ಸೇರಿದ್ದು ಎರಡು ಸಾವಿರದ ಹದಿನೇಳನೇ ಇಸವಿ, ನವೆಂಬರ್ ಇಪ್ಪತ್ತೆರಡು, ಬುಧವಾರ."